ಪಹಣಿಯಲ್ಲಿ ಹೆಸರಿಲ್ಲದವರ ಉಸಿರು

ದಿಲ್ಲಿಯಲ್ಲಿ ಉಕ್ಕಿನ ಮಾತು ಬಂದರೆ ಲೆಕ್ಕವೆಲ್ಲ ತಲಾವಾರು. 2017ರ ರಾಷ್ಟ್ರೀಯ ಉಕ್ಕು ನೀತಿಯ ಪ್ರಕಾರ 2030–31ರ ಹೊತ್ತಿಗೆ ದೇಶದ ಉಕ್ಕು ತಯಾರಿಕಾ ಸಾಮರ್ಥ್ಯ ವರ್ಷಕ್ಕೆ 300 ದಶಲಕ್ಷ ಟನ್ ಮುಟ್ಟಬೇಕು. ನೀತಿ ಬಂದಾಗ ತಲಾ 61 ಕಿಲೊ ಇದ್ದ ಬಳಕೆ 158 ಕಿಲೊಗೆ ಏರಬೇಕು. ಕೊಪ್ಪಳ ತಾಲ್ಲೂಕಿನ ಗಿಣಿಗೇರಿ ಸುತ್ತಲಿನ ಯಾವುದಾದರೂ ಕೂಲಿಯವರ ಮನೆಯಲ್ಲಿ ಈ 158 ಕಿಲೊವನ್ನು ಹುಡುಕಿ ನೋಡಬಹುದು. ಮಾಡಿಗೆ ಹೊದಿಸಿದ ತಗಡು, ಒಂದು ಟ್ರಂಕು, ರೊಟ್ಟಿ ಹಂಚು, ಕುಡಗೋಲು, ಗುದ್ದಲಿ, ಹಳೆಯದೊಂದು ಸೈಕಲ್ಲು. ಐದು ಜನರ ಮನೆಯ ಕಬ್ಬಿಣವನ್ನೆಲ್ಲ ತಕ್ಕಡಿಗೆ ಹಾಕಿದರೂ ಒಬ್ಬರ ಪಾಲು ತುಂಬುವುದು ಅನುಮಾನ. ಅದೇ ಉಕ್ಕು ತಯಾರಾಗುವಾಗ ಹಾರುವ ಕರಿಧೂಳನ್ನು ತಲಾವಾರು ಹಂಚಿದರೆ ಮಾತ್ರ ಇವರ ಪಾಲು ದೇಶದ ಸರಾಸರಿಯನ್ನು ಎಂದೋ ದಾಟಿರುತ್ತದೆ. ಆ ಲೆಕ್ಕ ಯಾವ ನೀತಿಯಲ್ಲೂ ಇಲ್ಲ.

ಕೊಪ್ಪಳಕ್ಕೆ ಕಾರ್ಖಾನೆಗಳು ಬಂದದ್ದಕ್ಕೆ ಕಾರಣ ಸರಳ. ಸಂಡೂರು, ಹೊಸಪೇಟೆಯ ಅದಿರು ಪಕ್ಕದಲ್ಲೇ ಇದೆ. ತುಂಗಭದ್ರೆಯ ಹಿನ್ನೀರು ಕೈಗೆಟಕುವಂತಿದೆ. ಹುಬ್ಬಳ್ಳಿ–ಗುಂತಕಲ್ ರೈಲುದಾರಿ ಊರ ಮಗ್ಗುಲಲ್ಲೇ ಹಾದುಹೋಗುತ್ತದೆ. ಭೂಮಿಯೂ ಅಗ್ಗವಿತ್ತು. 1990ರ ದಶಕದಿಂದ ಈಚೆಗೆ ಬೇವಿನಹಳ್ಳಿ, ಗಿಣಿಗೇರಿ, ಹಿರೇಬಗನಾಳ, ಅಲ್ಲಾನಗರದ ಆಸುಪಾಸಿನಲ್ಲಿ ಬೀಡುಕಬ್ಬಿಣ, ಸ್ಪಾಂಜ್ ಐರನ್, ಉಕ್ಕಿನ ಘಟಕಗಳು ಒಂದರ ಹಿಂದೆ ಒಂದು ಎದ್ದವು. ಸ್ಪಾಂಜ್ ಐರನ್ ಎಂದರೆ ಅದಿರನ್ನು ಕಲ್ಲಿದ್ದಲಿನ ಜೊತೆ ತಿರುಗುವ ಕುಲುಮೆಯಲ್ಲಿ ಕಾಯಿಸಿ, ಕರಗಿಸದೆಯೇ ಅದರೊಳಗಿನ ಆಮ್ಲಜನಕವನ್ನು ತೆಗೆಯುವ ಕೆಲಸ. ಅದಿರನ್ನು ಒಡೆಯುವಾಗ, ಸುರಿಯುವಾಗ, ಕಾಯಿಸುವಾಗ, ತಣಿಸುವಾಗ, ಹೀಗೆ ಹೆಜ್ಜೆ ಹೆಜ್ಜೆಗೂ ಧೂಳು ಏಳುತ್ತದೆ. ಅದನ್ನು ಹಿಡಿಯುವ ಯಂತ್ರಗಳಿವೆ, ಆದರೆ ಯಂತ್ರ ಓಡಿಸಲು ಕರೆಂಟು ಬೇಕು, ಕರೆಂಟಿಗೆ ಬಿಲ್ಲು ಬರುತ್ತದೆ. ಕತ್ತಲಾದ ಮೇಲೆ ಆ ಯಂತ್ರಗಳೂ ಮಲಗುತ್ತವೆ ಎಂಬುದು ಸುತ್ತಲಿನ ಹಳ್ಳಿಗಳ ಹಳೆಯ ದೂರು.

ಹಿಂಗಾರಿನಲ್ಲಿ ಗಾಳಿ ಮೂಡಣಕ್ಕೆ ತಿರುಗಿದ ಮೇಲೆ ಆ ಕಡೆಯ ಹತ್ತಿ ಹೊಲಕ್ಕೆ ಹೋಗಿ ನೋಡಬೇಕು. ಎಲೆಯ ಮೇಲೆ ಬೆರಳಿಟ್ಟು ಎಳೆದರೆ ಬೆರಳಗಲದ ಹಸಿರು ಗೆರೆ ಮೂಡುತ್ತದೆ, ಬೆರಳು ಕಪ್ಪಾಗುತ್ತದೆ. ಒಡೆದ ಕಾಯಿಯ ಅರಳೆ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಜೋಳದ ದಂಟನ್ನು ಜಾಡಿಸಿ ಹಾಕಿದರೂ ಎತ್ತು ಮೂಸಿ ಮುಖ ತಿರುಗಿಸುತ್ತದೆ. ಹತ್ತಿ ಬಿಡಿಸುವ ಹೆಂಗಸರು ಸೀರೆಯ ಮೇಲೊಂದು ಗಂಡಸರ ಹಳೇ ಅಂಗಿ ತೊಟ್ಟು, ತಲೆಗೂ ಬಾಯಿಗೂ ಸೇರಿಸಿ ಟವೆಲ್ ಸುತ್ತಿ, ಉಡಿ ಕಟ್ಟಿಕೊಂಡು ಸಾಲು ಹಿಡಿದಿರುತ್ತಾರೆ. ಕೂಲಿ ಕಿಲೊ ಲೆಕ್ಕ. ಅವರಲ್ಲೊಬ್ಬ ಹಿರಿಯಾಕೆ ಕೈ ನಿಲ್ಲಿಸದೆ ಹೇಳಿದ ಮಾತಿದು: "ಮನಿಗೆ ಹೋಗಿ ಮಕಾ ತೊಳಕೊಂಡ್ರ ನೀರು ಕರ್ರಗಾಗ್ತೈತ್ರಿ. ಮೂಗಿನ್ಯಾಗಿಂದ ಬರೂದೂ ಕರೀದ. ಹೊಲದ ಸಾವ್ಕಾರಗ ಹತ್ತಿ ರೇಟು ಬಿತ್ತಂತ ಸಂಕಟ. ನಮಗ ರೇಟು ಬೀಳಾಕ ಏನೈತ್ರಿ?"

ಆಕೆಯ ಕೊನೆಯ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಹತ್ತಿಯ ದರ ಬಿದ್ದರೆ ರೈತ ಅರ್ಜಿ ಬರೆಯಬಹುದು. ಅರ್ಜಿಗೆ ಪಹಣಿ ಲಗತ್ತಿಸಬೇಕು. ಗ್ರಾಮ ಆಡಳಿತಾಧಿಕಾರಿ ಬಂದು ಪಂಚನಾಮೆ ಮಾಡುವುದು ಪಹಣಿ ನೋಡಿ. ಪರಿಹಾರ ಅಂತ ಏನಾದರೂ ಬಂದರೆ ಅದು ಜಮೆಯಾಗುವುದು ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ. ಅದೇ ಹೊಲದಲ್ಲಿ ದಿನವಿಡೀ ನಿಂತು ಅದೇ ಧೂಳನ್ನು ಒಳಗೆಳೆದುಕೊಂಡವಳ ಹೆಸರು ಯಾವ ಕಾಲಂನಲ್ಲಿ ಬರೆಯಬೇಕು? ರೈತನ ನಷ್ಟ ನಿಜ, ಅವನ ಸಂಕಟವೂ ನಿಜ. ಅವನ ಬಗ್ಗೆ ಅಸೂಯೆಯ ಮಾತಲ್ಲ ಇದು. ಈ ದೇಶದಲ್ಲಿ ಹಾನಿ ಕಾಗದ ಕೇಳದೆ ಮನೆಗೆ ಬರುತ್ತದೆ, ಪರಿಹಾರ ಮಾತ್ರ ಕಾಗದ ಕೇಳಿಕೊಂಡು ಬರುತ್ತದೆ. ಕಾಗದ ಯಾರ ಹತ್ತಿರ ಇಲ್ಲ ಎಂದು ನೋಡುತ್ತ ಹೋದರೆ ಹಳ್ಳಿಯ ದಲಿತ ಕೇರಿಗೇ ಬಂದು ನಿಲ್ಲುತ್ತೇವೆ.

2025ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಜಾಗತಿಕ ಹೂಡಿಕೆದಾರರ ಸಮಾವೇಶ ನಡೆಯಿತು. ಕೊಪ್ಪಳದ ಮಗ್ಗುಲಲ್ಲೇ 54 ಸಾವಿರ ಕೋಟಿ ರೂಪಾಯಿ ವೆಚ್ಚದ, ವರ್ಷಕ್ಕೆ 10.5 ದಶಲಕ್ಷ ಟನ್ ಸಾಮರ್ಥ್ಯದ ಉಕ್ಕಿನ ಕಾರ್ಖಾನೆ ಕಟ್ಟುವುದಾಗಿ ಬಲ್ಡೋಟ ಸಮೂಹ ಅಲ್ಲಿ ಪ್ರಕಟಿಸಿತು. ಮೊದಲೇ ಧೂಳು ಕುಡಿದು ಸಾಕಾಗಿದ್ದ ಊರಿಗೆ ಇದು ತಡೆಯಲಾಗಲಿಲ್ಲ. ಫೆಬ್ರುವರಿ 24ರಂದು ಕೊಪ್ಪಳ ಬಂದ್ ಆಯಿತು. ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಬೀದಿಗಿಳಿದರು. ಶಾಲೆಯ ಮಕ್ಕಳು, ವ್ಯಾಪಾರಸ್ಥರು, ವೈದ್ಯರು, ವಕೀಲರು, ರೈತ ಸಂಘದವರು, ದಲಿತ ಸಂಘಟನೆಯವರು, ಒಬ್ಬರ ಮುಖ ಒಬ್ಬರು ನೋಡದ ಪಕ್ಷಗಳ ಮುಖಂಡರು, ಎಲ್ಲರೂ ಒಂದೇ ರಸ್ತೆಯಲ್ಲಿ ನಡೆದರು. ಮಾರ್ಚ್ ಮೊದಲ ವಾರ ಸರ್ವಪಕ್ಷ ನಿಯೋಗ ಬೆಂಗಳೂರಿಗೆ ಹೋದಾಗ ಮುಖ್ಯಮಂತ್ರಿ ಸಿದ್ದರಾಮಯ್ಯ ಕಾಮಗಾರಿ ನಿಲ್ಲಿಸಲು ಜಿಲ್ಲಾಡಳಿತಕ್ಕೆ ಸೂಚಿಸಿದರು. ಬಾಯಿಮಾತಿನ ಸೂಚನೆಗೆ ಆಯುಷ್ಯ ಎಷ್ಟು ಎಂಬ ಸಂಶಯ ಜನರಿಗೆ ಇದ್ದೇ ಇತ್ತು. ವರ್ಷದ ಕೊನೆಗೆ ನಗರಸಭೆಯ ಮುಂದೆ ಮತ್ತೆ ಧರಣಿಯ ಪೆಂಡಾಲ್ ಬಿತ್ತು. ಕಂಪನಿಯ ಆವರಣದೊಳಗೆ ಸೇರಿಹೋದ ಬಸಾಪುರ ಕೆರೆಯನ್ನು ಜನಕ್ಕೂ ದನಕ್ಕೂ ಬಿಟ್ಟುಕೊಡಬೇಕೆಂಬುದು ಅಲ್ಲಿಯ ಬೇಡಿಕೆಗಳಲ್ಲಿ ಒಂದು.

"ಹೊಗಿಗೆ ಜಾತಿ ಐತೇನ್ರೀ? ಎಲ್ಲಾರ ಮೂಗಿಗೂ ಅದ ಗಾಳಿ" ಎಂಬ ಮಾತು ಆ ದಿನಗಳಲ್ಲಿ ಚಹಾದಂಗಡಿಗಳಲ್ಲೂ ಕಿವಿಗೆ ಬೀಳುತ್ತಿತ್ತು. ಊರನ್ನು ಒಂದುಮಾಡಲು ಒಳ್ಳೆಯ ಮಾತು. ಹೋರಾಟಕ್ಕೆ ಇಂಥದ್ದು ಬೇಕು ಕೂಡ. ಆದರೂ ಅದನ್ನು ಪೂರ್ತಿ ಒಪ್ಪಲು ನನ್ನ ಮನಸ್ಸು ಹಿಂಜರಿಯುತ್ತದೆ. ಹೊಗೆಗೆ ಜಾತಿ ಇಲ್ಲದಿರಬಹುದು. ಹೊಗೆ ಬಂದಾಗ ಮಗನ ಹತ್ತಿರ ಬೆಂಗಳೂರಿಗೆ ಹೋಗಿ ಎರಡು ತಿಂಗಳು ಇದ್ದು ಬರುವವರು ಯಾರು, ಕಿಟಕಿಗೆ ಗಾಜು ಹಾಕಿಸಿಕೊಳ್ಳುವವರು ಯಾರು, ಕೆಮ್ಮಿಗೆ ಹುಬ್ಬಳ್ಳಿಯ ಡಾಕ್ಟರಿಗೆ ತೋರಿಸುವವರು ಯಾರು, ಚಿಮಣಿಯ ಬುಡದಲ್ಲೇ ಗುತ್ತಿಗೆ ಕೆಲಸಕ್ಕೆ ನಿಂತು ಸಂಜೆ ಅದೇ ಧೂಳಿನ ಅಂಗಿಯಲ್ಲಿ ಮಗುವನ್ನು ಎತ್ತಿಕೊಳ್ಳುವವರು ಯಾರು ಎಂದು ಕೇಳಿದರೆ ಉತ್ತರದಲ್ಲಿ ಜಾತಿಯೂ ಇದೆ, ವರ್ಗವೂ ಇದೆ.

ಈ ಜಿಲ್ಲೆಯ ಇನ್ನೊಂದು ಚರಿತ್ರೆಯನ್ನೂ ಇಲ್ಲಿ ನೆನೆಯಬೇಕು. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್ 28ರಂದು ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಕ್ಷೌರದ ಅಂಗಡಿ ಮತ್ತು ಹೋಟೆಲಿಗೆ ದಲಿತರನ್ನು ಬಿಡದಿರುವುದು ಅದರ ಹಿಂದಿನ ಜಗಳ. ಹತ್ತು ವರ್ಷ ಕಳೆದು, 2024ರ ಅಕ್ಟೋಬರ್ 24ರಂದು ಕೊಪ್ಪಳದ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ 101 ಮಂದಿಯನ್ನು ಶಿಕ್ಷೆಗೆ ಗುರಿಪಡಿಸಿತು. ಅವರಲ್ಲಿ 98 ಮಂದಿಗೆ ಜೀವಾವಧಿ. ಒಂದೇ ಜಾತಿ ದೌರ್ಜನ್ಯ ಪ್ರಕರಣದಲ್ಲಿ ಇಷ್ಟು ಜನರಿಗೆ ಜೀವಾವಧಿ ಆದದ್ದು ದೇಶದಲ್ಲೇ ವಿರಳ. ಮುಂದಿನ ತಿಂಗಳೇ ಬಹುಪಾಲು ಮಂದಿಗೆ ಹೈಕೋರ್ಟಿನ ಧಾರವಾಡ ಪೀಠದಿಂದ ಜಾಮೀನು ಸಿಕ್ಕಿತು. ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ಎರಡು ವರ್ಷದ ದಲಿತ ಮಗುವೊಂದು ಹನುಮಂತನ ಗುಡಿಯೊಳಗೆ ಓಡಿತು ಎಂದು, ಗುಡಿ ಶುದ್ಧಿಗೆ 25 ಸಾವಿರ ರೂಪಾಯಿ ಕೊಡುವಂತೆ ಮನೆಯವರಿಗೆ ಹೇಳಲಾಯಿತು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಸರಪಳಿ ಕಡಿದು, ನದಿಗೆ ಹರಿದುಹೋಗುತ್ತಿದ್ದ ನೀರಿನ ಮೇಲೆ ದೇಶದ ಕಣ್ಣೆಲ್ಲ ನೆಟ್ಟಿತ್ತು. ಅದೇ ಆಗಸ್ಟ್‌ನಲ್ಲಿ ಯಲಬುರ್ಗಾ ತಾಲ್ಲೂಕಿನ ಸಂಗನಾಳದಲ್ಲಿ ಕಟಿಂಗ್ ಮಾಡುವ ವಿಚಾರಕ್ಕೆ ಮಾತು ಬೆಳೆದು ಒಬ್ಬ ದಲಿತ ಯುವಕನ ಕೊಲೆಯಾಯಿತು.

ಈ ಪ್ರಕರಣಗಳಿಗೆ ಪ್ರತಿಭಟನೆ ಆಗಲಿಲ್ಲ ಎಂದಲ್ಲ. ಮರಕುಂಬಿಗಾಗಿ ಗಂಗಾವತಿಯ ಬೀದಿಗಳಲ್ಲಿ ತಿಂಗಳುಗಟ್ಟಲೆ ಜನ ಕೂತಿದ್ದರು. ಆದರೆ ಅದು 'ದಲಿತರ ಪ್ರಶ್ನೆ' ಅನ್ನಿಸಿಕೊಂಡಿತು, ಹೊಗೆ 'ಊರಿನ ಪ್ರಶ್ನೆ' ಆಯಿತು. ಧೂಳಿನ ವಿರುದ್ಧ ಒಟ್ಟಿಗೆ ನಡೆದ ಊರು, ಕ್ಷೌರದ ಅಂಗಡಿಯ ಬಾಗಿಲಲ್ಲಿ ಯಾಕೆ ಒಟ್ಟಿಗೆ ನಿಲ್ಲಲಿಲ್ಲ? ಹೋರಾಟದ ತೂಕ ಕಡಿಮೆ ಮಾಡಲು ಈ ಪ್ರಶ್ನೆ ಕೇಳುತ್ತಿಲ್ಲ. ಹೋರಾಟದ ಗೆಲುವೂ ಸೋಲೂ ಇದರ ಮೇಲೆಯೇ ನಿಂತಿದೆ ಎಂದು ನನಗೆ ಅನ್ನಿಸಿದೆ. ಯಾಕೆ ಎಂದು ಮುಂದೆ ಹೇಳುತ್ತೇನೆ.

ಪರಿಸರ ನ್ಯಾಯ ಎಂಬ ವಿಚಾರ ಬಂದಾಗ ಎಲ್ಲರೂ ಅಮೆರಿಕದ ವಾರನ್ ಕೌಂಟಿಯನ್ನು ನೆನೆಯುತ್ತಾರೆ. 1982ರಲ್ಲಿ ಉತ್ತರ ಕೆರೊಲಿನಾ ರಾಜ್ಯ ವಿಷದ ಮಣ್ಣನ್ನು ತಂದು ಸುರಿಯಲು ಆರಿಸಿದ್ದು ಕಪ್ಪುಜನ ಹೆಚ್ಚಿದ್ದ, ಬಡತನದ ಆ ಪ್ರದೇಶವನ್ನು. ಅದನ್ನು ತಡೆಯಲು ಹೋಗಿ ಐನೂರಕ್ಕೂ ಹೆಚ್ಚು ಜನ ಬಂಧನಕ್ಕೊಳಗಾದರು. ಮಣ್ಣು ಸುರಿಯುವುದು ನಿಲ್ಲಲಿಲ್ಲ, ಪ್ರಶ್ನೆ ಮಾತ್ರ ಹುಟ್ಟಿಕೊಂಡಿತು: ದೇಶದ ಕಸ ಯಾವಾಗಲೂ ಇವರ ಅಂಗಳಕ್ಕೇ ಏಕೆ ಬರುತ್ತದೆ? ನಮಗೆ ಅಷ್ಟು ದೂರ ಹೋಗಬೇಕಿಲ್ಲ. ನಮ್ಮ ಪರಿಸರ ಚಳವಳಿಯ ಚರಿತ್ರೆ ಬರೆಯುವವರು 1973ರ ಚಿಪ್ಕೊದಿಂದ ಶುರುಮಾಡುತ್ತಾರೆ. ನಾನಾದರೆ 1927ರ ಮಾರ್ಚ್ 20ರಿಂದ, ಅಂಬೇಡ್ಕರರು ಮಹಾಡದ ಚವದಾರ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದ ದಿನದಿಂದ ಶುರುಮಾಡುತ್ತೇನೆ. ಕೆರೆ ಇದೆಯೋ ಇಲ್ಲವೋ, ಅದು ಶುದ್ಧವೋ ಅಲ್ಲವೋ ಎಂಬುದರ ಜೊತೆಗೇ ಅದರ ಅಂಚಿಗೆ ಯಾರು ಬರಬಹುದು ಎಂಬುದೂ ಪರಿಸರದ ಪ್ರಶ್ನೆಯೇ. ದನ ಕುಡಿಯುವ ಕೆರೆಯಲ್ಲಿ ಮನುಷ್ಯ ಕುಡಿಯುವಂತಿಲ್ಲ ಎಂದಿದ್ದ ಊರು ಮಹಾಡ. ಇವತ್ತು ಬಸಾಪುರದಲ್ಲಿ ಇಬ್ಬರಿಗೂ ಬಿಡಿ ಎಂದು ಕೇಳುವಾಗ ಆ ಕೆರೆ ನೆನಪಿಗೆ ಬಂದರೆ ಒಳ್ಳೆಯದು.

ನಮ್ಮ ರಾಷ್ಟ್ರ ರಾಜಕಾರಣಕ್ಕೆ ಈ ಎರಡನ್ನೂ ಬೇರೆ ಬೇರೆ ಖಾನೆಯಲ್ಲಿಟ್ಟು ರೂಢಿ. ಸಾಮಾಜಿಕ ನ್ಯಾಯ ಎಂದರೆ ಮೀಸಲಾತಿ, ಜಾತಿಗಣತಿ. ಪರಿಸರ ಎಂದರೆ ಹುಲಿ, ಸಸಿ ನೆಡುವುದು, ಜೂನ್ 5ರ ಭಾಷಣ. 1972ರಲ್ಲಿ ಸ್ಟಾಕ್‌ಹೋಮ್ ಸಮ್ಮೇಳನದಲ್ಲಿ ಬಡತನವೇ ದೊಡ್ಡ ಮಾಲಿನ್ಯಕಾರಕವಲ್ಲವೇ ಎಂಬ ಅರ್ಥದಲ್ಲಿ ಇಂದಿರಾ ಗಾಂಧಿ ಎತ್ತಿದ ಪ್ರಶ್ನೆ ಪ್ರಸಿದ್ಧ. ಅವರ ಪೂರ್ತಿ ಭಾಷಣದ ಆಶಯ ಬೇರೆಯೇ ಇದ್ದರೂ ಅರ್ಧ ಶತಮಾನದಿಂದ ಆ ಒಂದು ಪ್ರಶ್ನೆಯನ್ನು ಪಕ್ಷಭೇದವಿಲ್ಲದೆ ಎಲ್ಲರೂ ಒಂದೇ ರೀತಿ ಬಳಸಿದ್ದಾರೆ: ಮೊದಲು ಬಡತನ ಹೋಗಲಿ, ಹೊಗೆಯನ್ನು ಆಮೇಲೆ ನೋಡೋಣ. ಬಡತನ ಹೋದದ್ದು ಒಂದು ಕಡೆ, ಹೊಗೆ ಬಂದದ್ದು ಇನ್ನೊಂದು ಕಡೆ.

ಈ ಸೀಮೆಯ ಮಟ್ಟಿಗೆ ಇದಕ್ಕೆ ತುಂಗಭದ್ರೆಗಿಂತ ದೊಡ್ಡ ಸಾಕ್ಷಿ ಬೇಡ. ಕುದುರೆಮುಖದ ಗಣಿಯ ಹೂಳು ಭದ್ರೆಗೆ ಇಳಿಯುತ್ತಿತ್ತು. ಸುಪ್ರೀಂ ಕೋರ್ಟ್ 2002ರಲ್ಲಿ ಕೊಟ್ಟ ತೀರ್ಪಿನ ಮೇಲೆ 2005ರ ಕೊನೆಗೆ ಗಣಿ ನಿಂತಿತು. ಹರಿಹರದ ಬಳಿ ನದಿಗೆ ಬಿಟ್ಟ ಕಾರ್ಖಾನೆಯ ಕೊಳೆನೀರಿನ ವಿರುದ್ಧ 1980ರ ದಶಕದಲ್ಲಿ ದಡದ ಹಳ್ಳಿಗಳು ಎದ್ದವು. ಕೆಳಗೆ ಮುನಿರಾಬಾದಿನಲ್ಲಿ 1945ರಲ್ಲಿ ಶುರುವಾದ ಅಣೆಕಟ್ಟೆಯಿಂದ 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಸುಮಾರು 90 ಹಳ್ಳಿ ಮುಳುಗಿದವು, 50 ಸಾವಿರ ಮೀರಿ ಜನ ಎದ್ದರು. 133 ಟಿಎಂಸಿಗೆ ಕಟ್ಟಿದ ಜಲಾಶಯದಲ್ಲಿ ಈಗ ಹೂಳು ತುಂಬಿ ಹಿಡಿಯುವುದು ಸುಮಾರು 105. ಮುಳುಗಡೆಯ ಲೆಕ್ಕ ನಡೆದದ್ದು ಎಕರೆಯಲ್ಲಿ. ಆ ಎಕರೆಗಳಲ್ಲಿ ಜೀತಕ್ಕೋ ಕೂಲಿಗೋ ದುಡಿದವರಿಗೆ ಬಿಟ್ಟುಕೊಡಲು ಜಮೀನಿರಲಿಲ್ಲ, ಹಾಗಾಗಿ ಕಳೆದುಕೊಂಡವರ ಪಟ್ಟಿಯಲ್ಲೂ ಅವರಿರಲಿಲ್ಲ.

ಎಡದಂಡೆ ಕಾಲುವೆಯನ್ನು ಯೋಜಿಸಿದವರು ಬಯಸಿದ್ದು ಹೆಚ್ಚು ಹೊಲಕ್ಕೆ ಕಡಿಮೆ ನೀರು. ಬರ ಬಂದಾಗ ಜೋಳ, ಹತ್ತಿ, ಶೇಂಗಾ ಒಣಗದಂತೆ ಕಾಯುವ ನೀರಾವರಿ ಅದು. ಆಂಧ್ರದಿಂದ ಬಂದ ರೈತರು ಭತ್ತದ ಬೇಸಾಯ ತಂದರು, ಅವರು ನೆಲೆಸಿದ ಕ್ಯಾಂಪುಗಳು ಎದ್ದವು, ಗಂಗಾವತಿ, ಕಾರಟಗಿ ಭತ್ತದ ಕಣಜವಾದವು. ಅವರ ದುಡಿಮೆಯನ್ನು ಹೀಗಳೆಯುವಂತಿಲ್ಲ. ಅಕ್ಕಿ ಗಿರಣಿಗಳ ಸಾಲೇ ಸಾಕ್ಷಿ. ಆದರೆ ಮೇಲ್ಭಾಗದವರು ಭತ್ತಕ್ಕೆ ನೀರು ನಿಲ್ಲಿಸಿಕೊಂಡ ಮೇಲೆ ಮಾನ್ವಿ, ರಾಯಚೂರು ಕಡೆಯ ಕೊನೆಭಾಗಕ್ಕೆ ಕಾಲುವೆ ಇದೆ, ನೀರಿಲ್ಲ. ಕುಷ್ಟಗಿ, ಯಲಬುರ್ಗಾಕ್ಕಂತೂ ಕಾಲುವೆಯೂ ಇಲ್ಲ. ಅವು ಎತ್ತರದ ಸೀಮೆ. 2002ರ ನಂಜುಂಡಪ್ಪ ವರದಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ ಇವೆರಡೂ ಇದ್ದವು. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್. ಸುಗ್ಗಿ ಮುಗಿದರೆ ಗುಳೆ: ಗೋವಾ, ಮಂಗಳೂರು, ಬೆಂಗಳೂರಿನ ಬಸ್ಸು ಹತ್ತುವ ಸಂಸಾರಗಳು, ಗೋಣಿಚೀಲದಲ್ಲಿ ಪಾತ್ರೆ, ಮನೆ ಕಾಯಲು ಮುದುಕಿ. 2023ರ ಜೂನ್‌ನಲ್ಲಿ ಕುಷ್ಟಗಿ ತಾಲ್ಲೂಕಿನ ಬಿಜಕಲ್‌ನಲ್ಲಿ, ಕನಕಗಿರಿ ತಾಲ್ಲೂಕಿನ ಬಸರಿಹಾಳದಲ್ಲಿ ಕೆಟ್ಟ ನೀರು ಕುಡಿದು ವಾಂತಿಭೇದಿಯಾಗಿ ಜನ ಸತ್ತರು.

1952ರ ಮೊದಲ ಲೋಕಸಭಾ ಚುನಾವಣೆಯಲ್ಲಿ ಈ ಸೀಮೆಯ ಕ್ಷೇತ್ರಕ್ಕೆ ಕುಷ್ಟಗಿ ಎಂದೇ ಹೆಸರಿತ್ತು. ಅಳವಂಡಿ ಶಿವಮೂರ್ತಿಸ್ವಾಮಿ ಪಕ್ಷೇತರರಾಗಿ ಗೆದ್ದು ದಿಲ್ಲಿಗೆ ಹೋದರು. ಇವತ್ತಿನ ಕೊಪ್ಪಳ ಕ್ಷೇತ್ರದಲ್ಲಿ ಕುಷ್ಟಗಿ, ಯಲಬುರ್ಗಾದ ಬಾಯಾರಿಕೆ, ಗಂಗಾವತಿ, ಸಿಂಧನೂರು, ಸಿರುಗುಪ್ಪದ ಭತ್ತ, ಕೊಪ್ಪಳದ ಚಿಮಣಿ ಎಲ್ಲವೂ ಒಬ್ಬರೇ ಸಂಸದರ ಮಡಿಲಲ್ಲಿವೆ. ಒಂದೇ ಭಾಷಣದಲ್ಲಿ ಮೂರನ್ನೂ ಜೋಡಿಸಿ ಮಾತಾಡುವ ಅವಕಾಶ ಇಷ್ಟು ಸಲೀಸಾಗಿ ಬೇರೆ ಕ್ಷೇತ್ರದವರಿಗೆ ಸಿಗುವುದಿಲ್ಲ.

ಕಾನೂನಿನ ಕಡೆ ನೋಡಿದರೆ ಪಹಣಿಯಾಚೆಗೆ ಒಂದು ಹೆಜ್ಜೆ ಇಟ್ಟದ್ದು 2013ರ ಭೂಸ್ವಾಧೀನ ಕಾಯ್ದೆ. ಜಮೀನು ಇಲ್ಲದಿದ್ದರೂ ಅದೇ ಜಮೀನನ್ನು ನಂಬಿ ಮೂರು ವರ್ಷ ಬದುಕಿದ ಕೂಲಿಗಾರ, ಗೇಣಿದಾರ, ಕಸುಬುದಾರರ ಕುಟುಂಬಗಳೂ ಬಾಧಿತರೇ ಎಂದು ಅದು ಒಪ್ಪಿತು. ಬ್ರಿಟಿಷರ 1894ರ ಕಾಯ್ದೆಗೆ ಈ ಕಣ್ಣು ಇರಲಿಲ್ಲ. ಒಂದೇ ವರ್ಷದಲ್ಲಿ ಸಾಮಾಜಿಕ ಪರಿಣಾಮದ ಅಧ್ಯಯನವನ್ನೇ ಹಲವು ಯೋಜನೆಗಳಿಗೆ ಕೈಬಿಡುವ ಸುಗ್ರೀವಾಜ್ಞೆ ಬಂತು. ರೈತರ ವಿರೋಧಕ್ಕೆ ಅದು 2015ರಲ್ಲಿ ಬಿದ್ದುಹೋಯಿತು. ದಿಲ್ಲಿಯಲ್ಲಿ ಬಿದ್ದದ್ದನ್ನು ರಾಜ್ಯಗಳು ಎತ್ತಿಕೊಂಡವು. ಕರ್ನಾಟಕವೂ 2019ರಲ್ಲಿ ತಿದ್ದುಪಡಿ ಮಾಡಿಕೊಂಡಿತು. ಅಷ್ಟಕ್ಕೂ ನಮ್ಮಲ್ಲಿ ಕಾರ್ಖಾನೆಗೆ ಜಮೀನು ಹಿಡಿಯುವುದು ಹೆಚ್ಚಾಗಿ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಮೂಲಕ, 1966ರ ರಾಜ್ಯ ಕಾಯ್ದೆಯಡಿ. ಅಲ್ಲಿ ಮತ್ತೆ ಪಹಣಿಯದೇ ಆಳ್ವಿಕೆ.

ಇನ್ನು ಉಳಿದದ್ದು ಪರಿಸರ ಅಹವಾಲು ಸಭೆ. 2006ರ ಅಧಿಸೂಚನೆಯ ಪ್ರಕಾರ ದೊಡ್ಡ ಕಾರ್ಖಾನೆಗೆ ಅನುಮತಿ ಕೊಡುವ ಮುಂಚೆ ಮಾಲಿನ್ಯ ನಿಯಂತ್ರಣ ಮಂಡಳಿ 30 ದಿನ ಮೊದಲೇ ನೋಟಿಸು ಕೊಟ್ಟು, ಯೋಜನೆಯ ಸ್ಥಳದಲ್ಲೋ ಹತ್ತಿರದಲ್ಲೋ ಸಭೆ ಕರೆಯಬೇಕು; ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಹಿರಿಯ ಅಧಿಕಾರಿ ಅಧ್ಯಕ್ಷತೆ ವಹಿಸಬೇಕು; ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿರಬೇಕು; ಹೇಳಿದ್ದನ್ನೆಲ್ಲ ವಿಡಿಯೊ ಮಾಡಿ ಬರೆದುಕೊಳ್ಳಬೇಕು. ಸಭೆಗೆ ಬಂದವರ ಪಹಣಿಯನ್ನು ಯಾರೂ ಕೇಳುವಂತಿಲ್ಲ. ಈ ಸೀಮೆಯ ಗಾಳಿ ಉಸಿರಾಡುವವಳು ಎಂಬುದೇ ಸಾಕು. ನಮ್ಮ ಇಡೀ ಕಾನೂನು ವ್ಯವಸ್ಥೆಯಲ್ಲಿ ಹತ್ತಿ ಬಿಡಿಸುವವಳೂ ಜಿಲ್ಲಾಧಿಕಾರಿಯೂ ಎದುರುಬದುರು ಕೂರುವ ಜಾಗ ಇದಕ್ಕಿಂತ ಬೇರೆ ನನಗೆ ಕಂಡಿಲ್ಲ.

ಆ ಜಾಗವೂ ಕಿರಿದಾಗುತ್ತಿದೆ. 2020ರಲ್ಲಿ ಕೇಂದ್ರ ಸರ್ಕಾರ ತಂದ ಹೊಸ ಕರಡು 30 ದಿನದ ನೋಟಿಸನ್ನು 20ಕ್ಕೆ ಇಳಿಸಲು ಹೊರಟಿತ್ತು. ಕರಡು ಪ್ರಕಟವಾದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡದಲ್ಲಿ ಕೊಡದೆ ಕನ್ನಡದವರ ಅಭಿಪ್ರಾಯ ಕೇಳುವುದು ಹೇಗೆ ಎಂಬ ವಾದದ ಮೇಲೆ ನಮ್ಮ ಹೈಕೋರ್ಟ್ ಅದರ ಅಂತಿಮ ಪ್ರಕಟಣೆಗೆ ಆಗ ತಡೆ ಹಾಕಿತು. 2023ರ ಜನ ವಿಶ್ವಾಸ್ ಕಾಯ್ದೆ ಪರಿಸರ ಸಂರಕ್ಷಣಾ ಕಾಯ್ದೆಯ ಜೈಲುಶಿಕ್ಷೆಯನ್ನು ತೆಗೆದು ದಂಡಕ್ಕೆ ಇಳಿಸಿತು. ಗರಿಷ್ಠ 15 ಲಕ್ಷ ರೂಪಾಯಿ. ಸಾವಿರಾರು ಕೋಟಿಯ ಕಾರ್ಖಾನೆಗೆ ಇದು ಸಿಬ್ಬಂದಿಯ ಚಹಾ ಖರ್ಚು. ಅನುಮತಿ ಇಲ್ಲದೆ ಕೆಲಸ ಶುರುಮಾಡಿ ಆಮೇಲೆ ಅನುಮತಿ ಪಡೆಯುವ ಪದ್ಧತಿಯನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ನಿಷೇಧಿಸಿತು, ನವೆಂಬರ್‌ನಲ್ಲಿ ಆ ತೀರ್ಪನ್ನೇ ಹಿಂಪಡೆಯಿತು. ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ರಕ್ಷಣೆ ಪಡೆಯುವುದು ಸಂವಿಧಾನದ 14 ಮತ್ತು 21ನೇ ವಿಧಿಯ ಹಕ್ಕು ಎಂದು 2024ರಲ್ಲಿ ಹೇಳಿದ್ದೂ ಅದೇ ನ್ಯಾಯಾಲಯ. ಹಕ್ಕು ಹಿಗ್ಗುತ್ತಿದೆ, ಹಕ್ಕು ಕೇಳುವ ಬಾಗಿಲು ಕುಗ್ಗುತ್ತಿದೆ.

ಹೊಗೆಯಿಲ್ಲದ ಉದ್ಯಮ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಕುಷ್ಟಗಿ, ಯಲಬುರ್ಗಾದ ಎರೆ ಹೊಲಗಳಲ್ಲಿ ನಿಂತ ಗಾಳಿಯಂತ್ರಗಳನ್ನು ತೋರಿಸುತ್ತಾರೆ. ಅವು ಬೇಕು. ನನಗೆ ತಕರಾರಿಲ್ಲ. ಅಲ್ಲೂ ಗುತ್ತಿಗೆಯ ಹಣ ಹೋಗುವುದು ಪಹಣಿದಾರನಿಗೆ. ಆ ಹೊಲದ ಬದುವಿನಲ್ಲಿ ಕುರಿ ಮೇಯಿಸುತ್ತಿದ್ದವನಿಗೆ, ಕೂಲಿಗೆ ಬರುತ್ತಿದ್ದವಳಿಗೆ ಕಾಯ್ದೆ ಯಾವ ಪಾಲನ್ನೂ ಇಟ್ಟಿಲ್ಲ. ಶಕ್ತಿ ಹಸಿರಾದ ಮಾತ್ರಕ್ಕೆ ಹಂಚಿಕೆಯ ಗೆರೆ ಬದಲಾಗುವುದಿಲ್ಲ.

ಎದುರುವಾದವನ್ನೂ ಕೇಳಬೇಕು. ಗುಳೆ ಹೋಗಿ ಗೋವಾದಲ್ಲಿ ಇಟ್ಟಿಗೆ ಹೊರುವ ಹುಡುಗ "ನಮ್ಮೂರಾಗ ಕಾರ್ಖಾನಿ ಬಂದ್ರ ನಿಮಗ್ಯಾಕ ಹೊಟ್ಟಿಯುರಿ?" ಎಂದು ಕೇಳಿದರೆ ಅವನನ್ನು ಕಂಪನಿಯ ಏಜೆಂಟ್ ಎಂದು ಬೈಯುವುದು ಸುಲಭ, ಅನ್ಯಾಯವೂ ಹೌದು. ಈ ಸೀಮೆಗೆ ನೌಕರಿಯಲ್ಲಿ ಮೀಸಲು ಕೊಡುವ ಸಂವಿಧಾನದ 371ಜೆ ವಿಧಿ ಬಂದು ಹತ್ತು ವರ್ಷ ದಾಟಿದರೂ ಅವನ ಕೈಗೆ ನೌಕರಿ ಬಂದಿಲ್ಲ. ಅವನಿಗೆ ಧೂಳಿಗಿಂತ ಹಸಿವು ಹತ್ತಿರದ್ದು. ಆದರೆ ಅವನಿಗೆ ಕಾರ್ಖಾನೆಯಲ್ಲಿ ಸಿಗುವುದು ಯಾವ ಕೆಲಸ, ಎಷ್ಟು ವರ್ಷಕ್ಕೆ, ಯಾವ ಗುತ್ತಿಗೆದಾರನ ಕೆಳಗೆ ಎಂಬುದನ್ನು ಅಹವಾಲು ಸಭೆಯಲ್ಲೇ ಬರೆಸಿಕೊಳ್ಳಬೇಕು. ಈಗಿರುವ ಚಿಮಣಿಗಳ ಹೊಗೆಯನ್ನೆಲ್ಲ ಒಟ್ಟು ಸೇರಿಸಿ ಅಳೆದು, ಹಳ್ಳಿ ಹಳ್ಳಿಯ ಆರೋಗ್ಯ ತಪಾಸಣೆ ಮಾಡಿ, ಅದರ ಫಲಿತಾಂಶವನ್ನು ಪಂಚಾಯಿತಿ ಗೋಡೆಗೆ ಅಂಟಿಸುವವರೆಗೆ ಒಂದು ಟನ್ ಹೆಚ್ಚಿನ ಉಕ್ಕಿಗೂ ಒಪ್ಪಿಗೆ ಬೇಡ ಎಂಬುದು ನನ್ನ ನಿಲುವು.

ಅಲ್ಲಿಯೇ ಮರಕುಂಬಿ ಅಡ್ಡ ಬರುವುದು. ಅಹವಾಲು ಸಭೆಯ ಮೈಕಿನ ಮುಂದೆ ನಿಂತು ಮಾತಾಡಿದ ಹೆಂಗಸು ಮರುದಿನ ಮತ್ತೆ ಅದೇ ಸಾಹುಕಾರನ ಹೊಲಕ್ಕೆ ಹೋಗಬೇಕು, ಅವಳ ಮಗ ಅದೇ ಊರಿನ ಹೋಟೆಲಿನ ಮುಂದೆ ಹಾಯಬೇಕು. ಸಾಹುಕಾರ ಕಂಪನಿಗೆ ಲಾರಿ ಬಿಟ್ಟಿರಬಹುದು, ಅಥವಾ ಹೋರಾಟದ ಮುಂದಾಳೇ ಆಗಿರಬಹುದು. ಅವಳಿಗೆ ಎರಡೂ ಒಂದೇ ಭಯ. ಗುಡಿಯೊಳಗೆ ಮಗು ಓಡಿದ್ದಕ್ಕೆ ದಂಡ ಕೇಳುವ ಊರಿನಲ್ಲಿ ಜಿಲ್ಲಾಧಿಕಾರಿಯ ಮುಂದೆ ಬಾಯಿ ಬಿಟ್ಟದ್ದಕ್ಕೆ ದಂಡ ಇರುವುದಿಲ್ಲವೇ? ಕೇರಿ ಬಾಯಿ ಬಿಡದಿದ್ದರೆ ಸಭೆಯ ನಡಾವಳಿಯಲ್ಲಿ ಉಳಿಯುವುದು ಪಹಣಿದಾರರ ಮಾತು ಮಾತ್ರ. ಪಹಣಿದಾರರ ಜೊತೆ ಚೌಕಾಸಿ ಮಾಡುವುದು ಕಂಪನಿಗಳಿಗೆ ಚೆನ್ನಾಗಿ ಗೊತ್ತು: ಎಕರೆಗೆ ಇಷ್ಟು, ಮನೆಗೊಂದು ನೌಕರಿ, ಊರಿಗೊಂದು ಸಮುದಾಯ ಭವನ. ಚೌಕಾಸಿಗೆ ಸಿಗದವರು ಮಾರಲು ಏನೂ ಇಲ್ಲದವರು. ಅವರಿಲ್ಲದ ಹೋರಾಟಕ್ಕೆ ಬೆನ್ನೆಲುಬಿಲ್ಲ.

ಕೊಪ್ಪಳದವರಿಗೆ ಕೂಡಿ ಕೆಲಸ ಮಾಡುವುದು ಹೊಸದಲ್ಲ. 2019ರಲ್ಲಿ ಗವಿಮಠದ ಮುಂದಾಳ್ತನದಲ್ಲಿ ಹಿರೇಹಳ್ಳದ ಹೂಳು, ಮುಳ್ಳುಕಂಟಿ ತೆಗೆದರು. ಕುಷ್ಟಗಿಯ ಹತ್ತಿರ ನಿಡಶೇಸಿ ಕೆರೆಗೆ ಸಂತೆಯವರು, ಮಾಸ್ತರರು, ಅಡತಿ ಅಂಗಡಿಯವರು ಚಂದಾ ಹಾಕಿ ಜೆಸಿಬಿ ಇಳಿಸಿದರು. ಸರ್ಕಾರಕ್ಕೆ ಕಾಯಲಿಲ್ಲ.

ಪೆಂಡಾಲಿನಲ್ಲಿ ಕೂತಿರುವ ಹಿರಿಯರಲ್ಲಿ ಒಂದೇ ವಿನಂತಿ. ಮುಂದೆ ಅಹವಾಲು ಸಭೆಯ ನೋಟಿಸು ಬಂದಾಗ ಮೊದಲ ಬೈಠಕ್ಕನ್ನು ಕೇರಿಯಲ್ಲಿ ಕರೆಯಿರಿ. ಅಲ್ಲಿ ಚಹಾ ಕುಡಿಯಿರಿ. ಸಭೆಯ ದಿನ ಹತ್ತಿ ಬಿಡಿಸುವವರ ಕೂಲಿ ತಪ್ಪುತ್ತದೆ, ಆ ಕೂಲಿಯನ್ನು ಚಂದಾ ಎತ್ತಿ ಕೊಡಿ. ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಮೈಕನ್ನು ಮೊದಲು ಅವರ ಕೈಗೆ ಕೊಡಿ, ಮರುದಿನ ಅವರ ಮೇಲೆ ಯಾರಾದರೂ ಕಣ್ಣು ಕೆಂಪು ಮಾಡಿದರೆ ಫೆಬ್ರುವರಿ 24ರಂದು ನಡೆದಂತೆಯೇ ಅವರ ಜೊತೆ ನಡೆಯಿರಿ. ನಿಡಶೇಸಿ ಕೆರೆಗೆ ಚಂದಾ ಎತ್ತಿದ ಜಿಲ್ಲೆಗೆ ಇದು ದೊಡ್ಡ ಮೊತ್ತವಲ್ಲ.